ದೀಪ ಹಚ್ಚುವ ಹೊತ್ತಿನ ಇಫ್

ಜೂನ್ 6, 1955

ನಾಣಿ ಬಂದಿಳಿದ. ಒಂದು ಟ್ರಂಕು, ಒಂದು ಹೋಲ್ಡಾಲು, ಒಂದು ಗೋಡೆ ಗಡಿಯಾರ. ಗಡಿಯಾರ ಯಾತಕ್ಕೋ ಎಂದು ಕೇಳಿದ್ದಕ್ಕೆ, "ಮೆಟ್ಟುಪಾಳ್ಯದಲ್ಲಿ ಬೆಟ್ಟದ ರೈಲು ಕೂಗೋದು ಕೇಳಿ ಸ್ಕೂಲಿಗೆ ಹೊರಡ್ತಿದ್ದೆ ಭಾವಾ. ಇಲ್ಲಿ ಯಾರು ಕೂಗ್ತಾರೆ?" ಅಂದ. ಕೋಯಮತ್ತೂರಿನಲ್ಲಿ ಮಿಲ್ಲಿನ ಸಂಗು, ಅದೇ ಸೈರನ್ನು, ಊದಿದರೆ ಮಲಗಿದ ಎಮ್ಮೆಯೂ ಎದ್ದು ನಿಲ್ಲುತ್ತದೆ. ಎಷ್ಟು ಮಿಲ್ಲೋ ಅಷ್ಟು ಸಂಗು. ಅವನಿಗೆ ಗೊತ್ತಿಲ್ಲವೆ? ಗೊತ್ತು. ಏನಾದರೂ ಮಾತಾಡಬೇಕು, ಅಷ್ಟೇ.

ನನ್ನವಳು ವೇದವತಿ ಇದ್ದಿದ್ದರೆ ತಮ್ಮನಿಗೆ ಈ ಊರಿಗೆ ವರ್ಗವಾಯಿತೆಂದು ಪಾಯಸ ಮಾಡುತ್ತಿದ್ದಳು. ಅವಳು ಹೋಗಿ ಎಂಟು ವರ್ಷವಾದರೂ ಅವನಿಗೆ ಇದು ಅಕ್ಕನ ಮನೆಯೇ. "ಬೇರೆ ಮನೆ ಸಿಕ್ಕೋ ತನಕ" ಅಂದಿದ್ದಾನೆ. ಮದುವೆಯಾಗದ ಗಂಡಸಿಗೆ ಆರ್.ಎಸ್. ಪುರದಲ್ಲಿ ಯಾರು ಮನೆ ಕೊಡುತ್ತಾರೆ? ಇರಲಿ. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಬಿ.ಎ., ಎಲ್.ಟಿ. ಅವನು ಚಡ್ಡಿ ಹಾಕಿಕೊಂಡಿದ್ದಾಗ ಎ ಬಿ ಸಿ ಡಿ ತಿದ್ದಿಸಿದವನು ಈ ವ್ಯಾಸರಾಯ. ಅದು ಈಗ ಯಾರಿಗೂ ಜ್ಞಾಪಕವಿಲ್ಲ. ಅವನಿಗೆ ಮೊದಲೇ ಇಲ್ಲ.

ನನ್ನ ಮಗಳು ವಾರಿಜ ಅವನಿಗೆ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟಳು. ನನ್ನದು ಮಾಮೂಲು ಲೋಟ.

ಜೂನ್ 9

ವಾರಿಜಳಿಗೆ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಕಾಗದ ಬಂತು. ಆಪರೇಟರ್ ಕೆಲಸ, ಆಗಸ್ಟಿನಲ್ಲಿ ಇಂಟರ್‌ವ್ಯೂ. ಹೋದ ವರ್ಷವೂ ಕರೆದಿದ್ದರು. ಒಳಗೆ ಹೋಗಿ ಬಾಯಿ ಬಿಡದೆ ಬಂದಳು. ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ, ಆದ್ದರಿಂದ ಇದೇ ಕೊನೆಯ ಸಲ. ಮೂಲಾ ನಕ್ಷತ್ರದ ಹುಡುಗಿ ಮಾವನಿಗಾಗದು ಎಂದು ಬಂದ ಸಂಬಂಧಗಳೆಲ್ಲ ಬಂದ ಹಾಗೇ ಹೋದವು. ಕೆಲಸವಾದರೂ ಇರಲಿ ಎಂದು ನಾನೇ ಅರ್ಜಿ ಹಾಕಿಸಿದ್ದು.

ಎದುರು ಮನೆಯ ಶಿವಗಾಮಿ ಅದೇ ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರು. ಕೈಗೆ ಗಂಡಸರ ವಾಚು ಕಟ್ಟುವ ಹೆಂಗಸು, ಬೀದಿಗೆಲ್ಲ ಕೇಳುವ ಗಂಟಲು. ಅವಳು ಗೇಟಿನಲ್ಲೇ ನಿಂತು ಹೇಳಿದಳು: "ಸಾಮಿ, ಅವರು ಕೇಳೋದೆಲ್ಲಾ ಇಫ್ಫೇ. ಹೀಗಾದರೆ ಏನು ಮಾಡ್ತೀಯ, ಹಾಗಾದರೆ ಏನು ಮಾಡ್ತೀಯ. ನಿಮ್ಮ ಪೊಣ್ಣುಗೆ ಇಫ್ ಬಂದರೆ ಕೆಲಸ ಬಂದ ಹಾಗೇಂಗ."

ಇಫ್ ತಾನೆ, ನಾನು ಕಲಿಸುತ್ತೇನೆ ಎಂದೆ. ಕಾಲೇಜಿನಲ್ಲಿ ಒಂದು ವರ್ಷ ಓದಿದವನು ನಾನು. ಇಫ್ ವಾಕ್ಯಕ್ಕೆ ಎರಡು ಭಾಗ: ಪ್ರೋಟಾಸಿಸ್, ಅಪೋಡೋಸಿಸ್. ನಮ್ಮ ಪ್ರೊಫೆಸರು ಆ ಎರಡು ಮಾತು ಹೇಳುವ ರಭಸಕ್ಕೆ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯುತ್ತಿತ್ತು. ಇಫ್ ಇರುವ ಭಾಗ ಯಾವುದು, ಇಲ್ಲದ ಭಾಗ ಯಾವುದು ಎಂಬುದೊಂದು ಸ್ವಲ್ಪ ಮರೆತಿದೆ. ನಮ್ಮಪ್ಪ ಆ ವರ್ಷ ಹೋಗದೆ ಇದ್ದಿದ್ದರೆ ಎರಡನೆಯ ವರ್ಷವೂ ಓದುತ್ತಿದ್ದೆ, ಮರೆಯುತ್ತಿರಲಿಲ್ಲ.

ಜೂನ್ 12

ಪಾಠ ಶುರು ಮಾಡಿದೆ. ಇಫ್ ದಿ ಸಬ್‌ಸ್ಕ್ರೈಬರ್ ವಿಲ್ ಶೌಟ್, ಐ ವಿಲ್ ಬಿ ಪೊಲೈಟ್. ಫೋನು ಮಾಡಿದವನು ಕೂಗಾಡಿದರೂ ನಾನು ಮರ್ಯಾದೆಯಾಗಿಯೇ ಇರುತ್ತೇನೆ ಎಂದು ಅರ್ಥ. ಒಳ್ಳೆಯ ವಾಕ್ಯ, ನಾನೇ ಕಟ್ಟಿದ್ದು. ವಾರಿಜ ಬಾಯಿಪಾಠ ಮಾಡುತ್ತಿದ್ದಳು. ನಾಣಿ ಬಚ್ಚಲಿಂದ ತಲೆ ಒರೆಸಿಕೊಳ್ಳುತ್ತಾ ಬಂದು ನಿಂತ.

"ಭಾವಾ, ಇಫ್ ಆದಮೇಲೆ ವಿಲ್ ಬರಬಾರದು."

"ಯಾಕೆ ಬರಬಾರದು? ಅವನಿನ್ನೂ ಕೂಗಿಲ್ಲ. ಮುಂದೆ ತಾನೆ ಕೂಗೋದು?"

"ಮುಂದೇನೇ. ಆದರೂ ಬರಬಾರದು. ಇಫ್ ದಿ ಸಬ್‌ಸ್ಕ್ರೈಬರ್ ಶೌಟ್ಸ್. ಆಮೇಲಿಂದಕ್ಕೆ ಮಾತ್ರ ವಿಲ್."

"ಅದನ್ನೇ ಹೇಳೋಕೆ ಬಂದೆ. ವಿಲ್ ಅಪೋಡೋಸಿಸ್‌ನಲ್ಲಿ ಬರುತ್ತೆ" ಎಂದೆ, ಒಂದು ಅಂದಾಜಿನ ಮೇಲೆ.

"ಅಪೋಡೋಸಿಸ್ಸಾ? ಅದೇನು ಭಾವಾ, ಹೊಟ್ಟೆನೋವಿಗೆ ಕೊಡೋದಾ? ಊಟಕ್ಕೆ ಮುಂಚೆಯೋ, ಆಮೇಲೋ?"

ವಾರಿಜ ನಕ್ಕಳು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೇ ನಕ್ಕಳು. ಆದರೂ ನಕ್ಕಳು.

ನಾಳೆಯಿಂದ ನಾಣಿಯೇ ಪಾಠ ಹೇಳುತ್ತಾನಂತೆ. "ನಿಮಗೆ ಮಿಲ್ಲಾಫೀಸಿನ ಬರವಣಿಗೆಯೇ ಸಾಕಾಗಿರುತ್ತೆ" ಎಂದು ಇಬ್ಬರೂ ಕೂಡಿ ನನಗೆ ಉಪಕಾರ ಮಾಡಿದರು.

ಜೂನ್ 15

ಪಾಠ ನಡೆಯುವಾಗ ನಾನು ಜಗುಲಿಯಲ್ಲಿ ಪೇಪರು ಹಿಡಿದುಕೊಂಡು ಕೂತಿರುತ್ತೇನೆ. ಕೇಳಬೇಕೆಂದಲ್ಲ, ಕಿಟಕಿ ಅಲ್ಲೇ ಇದೆ.

ನಾಣಿ ಇವತ್ತು ಹೇಳಿದ್ದು: "ಮಳೆ ಬಂದರೆ ಅಂತೀವಲ್ಲ ವಾರಿಜಾ, ಆ 'ಬಂದರೆ' ಒಳಗೆ ಏನಿದೆ ನೋಡು. 'ಬಂದ' ಇದೆ. ಬಂದ, ಬಂದಳು, ಬಂದರೆ. ಮಳೆ ಇನ್ನೂ ಬಂದಿಲ್ಲ. ಬಂದೇಬಿಟ್ಟಿತು ಅಂತ ಒಂದು ಗಳಿಗೆ ಅಂದುಕೊಂಡು ಮುಂದಿನ ಮಾತು ಆಡ್ತೀವಿ. ತಮಿಳಿನ 'ವಂದಾಲ್' ಒಳಗೂ ಅದೇ. ಇಂಗ್ಲಿಷಿನವನೂ ಆಗಲಾರದ್ದನ್ನ ಹೇಳಬೇಕಾದರೆ ಹಿಂದೆ ಆದದ್ದರ ಹಾಗೆ ಹೇಳ್ತಾನೆ. ಇಫ್ ಐ ಹ್ಯಾಡ್ ಎ ಕಾರ್. ಕಾರೆಲ್ಲಿ ಬಂತು ನನಗೆ? ಚಪ್ಪಲಿಯೇ ಸವೆದಿದೆ."

ಈ 'ಬಂದರೆ'ಯನ್ನು ಐವತ್ತು ವರ್ಷದಿಂದ ದಿನಾ ಬಾಯಲ್ಲಿ ಇಟ್ಟುಕೊಂಡಿದ್ದೇನೆ, ಒಳಗೇನಿದೆ ಎಂದು ಬಿಡಿಸಿ ನೋಡಲಿಲ್ಲ. ಚೆನ್ನಾಗಿ ಹೇಳಿದ. ತೊಂದರೆಯೇ ಅದು. ಕೆಟ್ಟದಾಗಿ ಹೇಳಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಇಫ್‌ನಲ್ಲಿ ಮೂರು ಜಾತಿಯಂತೆ. ಆಗಬಹುದಾದ್ದು, ಆಗಲಾರದ್ದು, ಆಗಿಹೋದದ್ದು.

ಜೂನ್ 24

ಮೂರು ಜಾತಿಗೂ ಉದಾಹರಣೆ. ಮಿಲ್ಲಾಫೀಸಿನಲ್ಲಿ ನಾನೇ ಮಾಡಿಕೊಂಡದ್ದು.

ನಾಣಿಗೆ ಬೇರೆ ಮನೆ ಸಿಕ್ಕಿದರೆ ಹೊರಟುಹೋಗುತ್ತಾನೆ. ನಾಣಿ ಮೂಗನಾಗಿದ್ದರೆ ಮನೆಯಲ್ಲಿ ನಾನು ಮಾತಾಡಬಹುದಾಗಿತ್ತು. ನಾಣಿಗೆ ವರ್ಗವಾಗದೆ ಇದ್ದಿದ್ದರೆ ನನ್ನ ಮಗಳು ನನ್ನ ಹತ್ತಿರವೇ ಕಲಿಯುತ್ತಿದ್ದಳು.

ಮೂರೂ ಸರಿಯಾಗಿವೆ. ತೋರಿಸಲು ಜನವಿಲ್ಲ.

ನಾನು ಬರೆಯುವ ಈ ಪುಸ್ತಕ ಮೇಜಿನ ಮೇಲೇ ಬಿದ್ದಿರುತ್ತದೆ. ವಾರಿಜ ಸ್ಕೂಲಿನಲ್ಲಿ ಕಲಿತದ್ದು ತಮಿಳು, ಇಂಗ್ಲಿಷು. ಕನ್ನಡ ಮನೆಮಾತು, ಅಕ್ಷರ ಬಾರದು. ನಾಣಿಗೂ ಬಾರದು. ನನಗೆ ಅಮ್ಮ ಮೊರದಲ್ಲಿ ಅಕ್ಕಿ ಹರವಿ ಬೆರಳು ಹಿಡಿದು ತಿದ್ದಿಸಿದ್ದಳು. ಈ ಒಂದು ವಿಷಯದಲ್ಲಿ ಬಿ.ಎ., ಎಲ್.ಟಿ. ನನ್ನ ಕೆಳಗೆ.

ಜುಲೈ 3

ಊಟಕ್ಕೆ ಕೂತಾಗಲೂ ವಾರಿಜಳ ಇಂಗ್ಲಿಷು. "ಇಫ್ ಯು ವಾಂಟ್ ಮೋರ್ ಬಟರ್‌ಮಿಲ್ಕ್, ಮಾಮಾ, ಐ ಶಲ್ ಬ್ರಿಂಗ್ ಇಟ್." ನನ್ನ ಎಲೆ ಹತ್ತಿರ ಬಂದಾಗ, "ಅಪ್ಪಾ, ಮಜ್ಜಿಗೆ?" ನನಗೆ ಪೂರ್ತಿ ವಾಕ್ಯಕ್ಕೂ ಯೋಗ್ಯತೆಯಿಲ್ಲ.

ನಾಣಿಯ ಉದಾಹರಣೆಗಳೆಲ್ಲ ಹರಿಕಥೆಯ ಮಂಗಳದ ಹಾಗಿವೆ. ಮಳೆ ಬಂದರೆ ಬೆಳೆ ಬರುತ್ತದೆ. ನೀನು ಓದಿದರೆ ಪಾಸಾಗುತ್ತೀಯ. ಅತಿಥಿ ಬಂದರೆ ಕಾಫಿ ಕೊಡುತ್ತೇವೆ. ಎರಡನೆಯ ಜಾತಿಗೂ ಅಷ್ಟೆ: ನನಗೆ ರೆಕ್ಕೆ ಇದ್ದಿದ್ದರೆ ಉಡುಪಿಗೆ ಹಾರುತ್ತಿದ್ದೆ. ಹಾರಲಿ. ಯಾರು ಬೇಡ ಅಂದರು?

ಜುಲೈ 9

ಒಪ್ಪಣಕ್ಕಾರ ಬೀದಿಯಲ್ಲಿ ಹಳೆಯ ಗ್ರಾಮರ್ ಪುಸ್ತಕ ಒಂದು ಕೊಂಡೆ. ಮಿಲ್ಲಿನಲ್ಲಿ ಓದುತ್ತಿದ್ದೇನೆ. ಮಧ್ಯದ ಹಾಳೆಗಳು ಇಲ್ಲ. ಇಫ್ ಇದ್ದದ್ದು ಅಲ್ಲೇ ಎಂದು ಕಾಣುತ್ತದೆ.

ಜುಲೈ 11

ಗಾಳಿ. ಬಟ್ಟೆ ಹಾರಿ ಶಿವಗಾಮಿ ಮನೆ ಹಿತ್ತಲಿಗೆ ಬಿತ್ತು. ಬಿದ್ದದ್ದು ನನ್ನ ಪಂಚೆ ಮಾತ್ರ. ನಾಣಿಯದಕ್ಕೆ ವಾರಿಜ ಕ್ಲಿಪ್ಪು ಹಾಕಿದ್ದಳು.

ಜುಲೈ 17

ಇವತ್ತು ತಮಿಳರ ಆಡಿ ಮಾಸ ಹುಟ್ಟಿತು. ಭಾನುವಾರ, ಶಿವಗಾಮಿಗೆ ರಜ. ನಾಣಿ ಅವಳನ್ನು ಕರೆದು ಸುಳ್ಳು ಇಂಟರ್‌ವ್ಯೂ ಒಂದು ಏರ್ಪಾಟು ಮಾಡಿದ. ನಡುಮನೆಯಲ್ಲಿ ಮೂರು ಕುರ್ಚಿ. ನಾಣಿ ಕೋಟು ಬೇರೆ ಹಾಕಿಕೊಂಡ. ನಾನು ಬೋರ್ಡಿನ ಮೂರನೆಯ ಮೆಂಬರು, ಮಾತಾಡಬಾರದ ಮೆಂಬರು.

ಸಾಯಂಕಾಲ ಐದೂವರೆಗೆ ಶುರುವಾಯಿತು. ವಾರಿಜ ಚೆನ್ನಾಗಿಯೇ ಹೇಳಿದಳು. ಲೈನು ಖಾಲಿ ಇಲ್ಲದಿದ್ದರೆ ಏನು ಮಾಡುತ್ತೀ, ಒಬ್ಬರೇ ಬಹಳ ಹೊತ್ತು ಮಾತಾಡಿದರೆ ಏನು ಮಾಡುತ್ತೀ, ಎಲ್ಲದಕ್ಕೂ ಗಿಣಿಯ ಹಾಗೆ ಉತ್ತರ. ನಾಣಿ ನನ್ನ ಕಡೆ ನೋಡಿದ. ನಾನು ಸೂರು ನೋಡಿದೆ.

ಆಮೇಲೆ ಶಿವಗಾಮಿ ಇಂಗ್ಲಿಷಿನಲ್ಲಿ ಕೇಳಿದಳು, ಎಕ್ಸ್‌ಚೇಂಜಿಗೆ ಬೆಂಕಿ ಬಿದ್ದರೆ ಏನು ಮಾಡುತ್ತೀ?

ವಾರಿಜ ಸುಮ್ಮನೆ ಕೂತಳು.

ಪಕ್ಕದ ಹುಡುಗಿ ಮೂರ್ಛೆ ಬಿದ್ದರೆ? ಸುಮ್ಮನೆ. ಸಾವಿನ ಸುದ್ದಿ ಹೇಳಬೇಕಾದ ಕಾಲ್ ಬಂದು, ಆ ಮನೆಯಲ್ಲಿ ಫೋನು ತೆಗೆಯದೆ ಹೋದರೆ? ವಾರಿಜ ಎರಡು ಬೆರಳಿನಿಂದ ತುಟಿ ಒರೆಸಿಕೊಂಡಳು. ಮುಖವೆಲ್ಲ ಬೆವರು.

ನಾಣಿ ಎದ್ದು ನಿಂತ. "ಬೇಡಮ್ಮಾ ಶಿವಗಾಮಿ. ದೀಪ ಹಚ್ಚೋ ಹೊತ್ತು. ಅಸ್ತು ದೇವತೆಗಳು ಓಡಾಡ್ತಿರ್ತಾರೆ."

"ಅದು ಯಾರುಂಗ?"

ನಮ್ಮ ಮನೆಗಳಲ್ಲಿ ಹಾಗೆ. ಸಂಜೆ ಹೊತ್ತಿನಲ್ಲಿ ತಲೆಯ ಮೇಲೆ ದೇವತೆಗಳು ಹಾದು ಹೋಗುತ್ತಾರೆ. ನಾವು ಏನಂದರೂ ಅಸ್ತು, ಹಾಗೇ ಆಗಲಿ, ಎಂದುಬಿಡುತ್ತಾರೆ. ಅದಕ್ಕೇ ಕೆಟ್ಟದ್ದನ್ನು ಬಾಯಲ್ಲಿ ತರಬಾರದು. ಅಕ್ಕಿ ಮುಗಿದರೆ ವೇದವತಿ ಅಕ್ಕಿ ಹೆಚ್ಚಿದೆ ಅನ್ನುತ್ತಿದ್ದಳು. ದೀಪ ಆರಿಸು ಅನ್ನುತ್ತಿರಲಿಲ್ಲ, ದೊಡ್ಡದು ಮಾಡು ಅನ್ನುತ್ತಿದ್ದಳು. ಯಾರಾದರೂ ಬಾಯಿ ತಪ್ಪಿದರೆ ತುಟಿ ಒರೆಸಿಕೊಳ್ಳಬೇಕು. ನಾಣಿ ಇದನ್ನೆಲ್ಲ ವಿವರಿಸಿದ. ಶಿವಗಾಮಿ ಕಾಫಿ ಕುಡಿದು ಲೋಟ ಕೆಳಗಿಟ್ಟಳು.

"ನಾನು ಬೆಂಕಿ ಅಂದರೆ ಬೆಂಕಿ ಬಂದುಬಿಡುತ್ತಾ ಸಾಮಿ? ನಮ್ಮ ಕೆಲಸವೇ ಅದು. ಒಳ್ಳೇ ಸುದ್ದಿಗೆ ಜನ ಕಾರ್ಡ್ ಹಾಕ್ತಾರೆ. ಕೆಟ್ಟ ಸುದ್ದಿಗೆ ಟ್ರಂಕ್ ಕಾಲ್. ಈ ಹುಡುಗಿ ಅಲ್ಲಿ ಕೂತು ದಿನಾ ಕೇಳಬೇಕಾದ್ದೇ ಅದು."

ಅವಳು ಹೋದ ಮೇಲೆ ನಾಣಿ ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದ. ಇಷ್ಟು ದಿನದ ಮಳೆ, ಬೆಳೆ, ರೆಕ್ಕೆ ಎಲ್ಲ ನೀರಿಗೆ ಹೋಯಿತು. ಬರೆಯಬಾರದು, ಆದರೆ ಬರೆಯುತ್ತೇನೆ: ನನಗೆ ಹೊಟ್ಟೆ ತಣ್ಣಗಾಯಿತು.

ಜುಲೈ 18

ಬೆಳಿಗ್ಗೆ ವಾರಿಜ ಅಕ್ಕಿ ಆರಿಸುತ್ತಾ ಕೂತಿದ್ದಳು. ನಾಣಿ ಸ್ಕೂಲಿಗೆ ಹೋಗಿದ್ದ. ಮಾಮ ಸರಿಯಾಗಿ ಹೇಳಿಕೊಡಲಿಲ್ಲವೇನೋ ಎಂದೆ, ಸಾಧ್ಯವಾದಷ್ಟು ವಿಷಾದದಿಂದ.

"ಮಾಮಂದು ತಪ್ಪಿಲ್ಲ ಅಪ್ಪಾ. ಹೋದ ವರ್ಷವೂ ಬೆಂಕಿಯೇ ಕೇಳಿದರು."

"ಉತ್ತರ ಗೊತ್ತಿರಲಿಲ್ಲವಾ?"

"ಗೊತ್ತು. ಆಗಲೂ ಗೊತ್ತು, ನಿನ್ನೆಯೂ ಗೊತ್ತು. ಬಾಯಿ ಬರಲ್ಲ."

ಅಕ್ಕಿಯಿಂದ ತಲೆ ಎತ್ತದೆ ಹೇಳಿದಳು. ಅವಳಿಗೆ ಆಗ ಹದಿನೈದು. ಸ್ಕೂಲಿನಿಂದ ಊಟಿಗೆ ಕರೆದುಕೊಂಡು ಹೋಗುತ್ತಿದ್ದರು. ಮಡಿ ಅಡುಗೆಗೆ ಕೈ ಬೇಕು, ಹೋಗಬೇಡ ಅಂದಳಂತೆ ವೇದವತಿ.

"ನೀ ಇಲ್ಲದೆ ಹೋದರೆ ನಾ ಎಲ್ಲಾ ಕಡೆಗೂ ಹೋಗ್ತೀನಿ ಅಂದೆ ಅಪ್ಪಾ. ಅಮ್ಮ ದೀಪ ಹಚ್ತಾ ಇದ್ದಳು. ತುಟಿ ಒರೆಸಿಕೋ ಅಂದಳು. ಒರೆಸಿಕೊಂಡೆ. ಕೋಪದಲ್ಲಿ ಸರಿಯಾಗಿ ಒರೆಸಿಕೊಳ್ಳಲಿಲ್ಲವೋ ಏನೋ. ಆ ತಿಂಗಳೇ ಜ್ವರ ಬಂತು."

ಆ ವರ್ಷ ಬೀದಿ ತುಂಬಾ ಟೈಫಾಯ್ಡ್ ಇತ್ತು ಎಂದೆ. ಮೂರು ಮನೆ ಆಚೆ ಒಂದು ಮಗು ಹೋಯಿತು, ಅದಕ್ಕೆ ಯಾರು ಏನಂದಿದ್ದರು ಎಂದೆ. ತಲೆಯಾಡಿಸಿದಳು. ನಂಬಿ ಆಡಿಸಿದ ತಲೆಯಲ್ಲ ಅದು.

"ನಾಣಿಮಾಮಂಗೆ ಹೇಳಬೇಡಿ. ಅವರ ಅಕ್ಕ."

ನನಗೆ ಹೇಳಿದಳು, ಅವನಿಗೆ ಹೇಳಲಿಲ್ಲ. ಮಿಲ್ಲಿಗೆ ಹೋಗುವ ಬಸ್ಸಿನಲ್ಲಿ ಇದನ್ನೇ ನೆನೆದು ಸಂತೋಷಪಡುತ್ತಿದ್ದೆ. ಸಿಂಗಾನಲ್ಲೂರು ಹತ್ತಿರ ಬಂದಾಗ ಯಾಕೋ ಸಂತೋಷ ನಿಂತಿತು. ಎಂಟು ವರ್ಷದಿಂದ ಈ ಹುಡುಗಿ ದೀಪ ಹಚ್ಚುವ ಹೊತ್ತಿನಲ್ಲಿ ಮಾತೇ ಆಡುವುದಿಲ್ಲ. ಗಂಭೀರ ಸ್ವಭಾವ ಅಂದುಕೊಂಡಿದ್ದೆ.

ಜುಲೈ 20

ಇವತ್ತು ನಾನು ಪಾಠ ಹೇಳಿದೆ. ಯಾರನ್ನೂ ಕೇಳಲಿಲ್ಲ. ವಾರಿಜ ದೀಪ ಹಚ್ಚಿ ಬಂದ ಕೂಡಲೇ ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಕೆಟ್ಟ ಇಫ್ ಬೇಕು. ಹುಡುಕಲು ಕಷ್ಟವೇ ಆಗಲಿಲ್ಲ, ಜೂನಿನಿಂದ ಕೂಡಿಟ್ಟಿದ್ದೆ.

"ಇಫ್ ನಾಣಿ ಲೂಸಸ್ ಆಲ್ ಹಿಸ್ ಟೀತ್" ಎಂದೆ. "ಮುಂದೆ ಹೇಳು."

ನಾಣಿ ಕಂಪೋಸಿಷನ್ ತಿದ್ದುತ್ತಿದ್ದವನು ತಲೆ ಎತ್ತಿದ. "ಭಾವಾ, ಹೊತ್ತು ಯಾವುದು ನೋಡಿ."

"ನೋಡಿಯೇ ಹೇಳಿದ್ದು. ಹೇಳಮ್ಮಾ, ನಾಣಿಯ ಹಲ್ಲೆಲ್ಲಾ ಬಿದ್ದುಹೋದರೆ?"

ವಾರಿಜ ಅವನ ಬಾಯಿ ನೋಡಿದಳು. ಬೆರಳು ತುಟಿಯ ಹತ್ತಿರ ಹೋಯಿತು. ಬಹಳ ಹೊತ್ತಾದ ಮೇಲೆ, ನೆಲ ನೋಡಿಕೊಂಡು, "ಹಿ ವಿಲ್ ಈಟ್ ಕರ್ಡ್ ರೈಸ್" ಅಂದಳು.

"ಇಫ್ ದಿ ರೂಫ್ ಫಾಲ್ಸ್ ಆನ್ ನಾಣಿ?"

"ಇದು ಪಾಠವಲ್ಲ ಭಾವಾ, ಶಾಪ."

"ಇಫ್ ಆದಮೇಲೆ ವಿಲ್ ಹಾಕಲಿಲ್ಲವಲ್ಲ. ವಾಕ್ಯ ಸರಿಯಾಗಿದೆ ತಾನೆ?"

ವಾಕ್ಯ ಸರಿಯಾಗಿದೆ ಎಂದು ಅವನು ಒಪ್ಪಬೇಕಾಯಿತು. ಮೇಷ್ಟ್ರು.

ಜುಲೈ 23

ನಾಣಿ ಬಸ್ಸಿನಿಂದ ಬಿದ್ದರೆ, ನಾಣಿಯನ್ನು ಸ್ಕೂಲಿನಿಂದ ತೆಗೆದರೆ, ನಾಣಿಗೆ ಕಾಲರಾ ಬಂದರೆ. ವಾರಿಜ ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಡುತ್ತಾಳೆ. ಕಾಲರಾಕ್ಕೆ, ಡಾಕ್ಟರಿಗೆ ಫೋನು ಮಾಡಿ ನೀರು ಕಾಯಿಸಿ ಕೊಡುತ್ತೇನೆ ಅಂದಳು. ನಾಣಿ ದೇವರಮನೆಗೆ ಹೋಗಿ ಗಂಟೆ ಬಾರಿಸುತ್ತಾನೆ. ದೇವತೆಗಳ ಕಿವಿಗೆ ನನ್ನ ಮಾತು ಬೀಳದಿರಲಿ ಎಂದು. ಗಂಟೆಯ ಮೇಲೆ ಕೂಗಿ ಹೇಳಬೇಕು. ಇದರಿಂದ ಅವಳ ಗಂಟಲು ಬಿಡುತ್ತಿದೆ. ಎಕ್ಸ್‌ಚೇಂಜಿಗೆ ಒಳ್ಳೆಯದೇ.

ಬೆಂಕಿಗೂ ಉತ್ತರ ಬಂತು. ಹೇಳಿದ ಮೇಲೆ ಅಡುಗೆಮನೆಗೆ ಹೋಗಿ ಒಲೆ ನೋಡಿ ಬಂದಳು. ಹೋಗಲಿ.

ಜುಲೈ 27

ನಾಣಿಯ ವಿಪತ್ತುಗಳು ಮುಗಿದವು. "ಇಫ್ ಐ ವಿಲ್ ಡೈ" ಎಂದೆ.

ವಾರಿಜ ಎದ್ದು ಒಳಗೆ ಹೋದಳು. ನಾಣಿ ಗಂಟೆ ಕೂಡ ಬಾರಿಸಲಿಲ್ಲ.

ಜುಲೈ 30

ಇವತ್ತು ಅವಳೇ ಕುರ್ಚಿ ಎಳೆದುಕೊಂಡು ಕೂತಳು.

"ಅಪ್ಪಾ, ಅದು ವಿಲ್ ಡೈ ಅಲ್ಲ. ಇಫ್ ಯು ಡೈಡ್."

"ಡೈಡ್ ಯಾಕೆ? ಅದು ಎರಡನೆಯ ಜಾತಿಯಲ್ಲವಾ? ಆಗಲಾರದ್ದು."

"ಹೌದು."

"ನನಗೆ ಐವತ್ತಮೂರು. ಬಿ.ಪಿ. ಇದೆ. ಇದು ಮೊದಲನೆಯ ಜಾತಿಯೇ. ಆಗಬಹುದಾದ್ದು."

"ಎರಡನೇದೇ" ಅಂದಳು.

ವಾದ ಮಾಡಿದೆ. ಒಪ್ಪಲಿಲ್ಲ. ವ್ಯಾಕರಣದಲ್ಲಿ ಪೂರ್ತಿ ನಾಣಿಯ ಹಟ ಬಂದುಬಿಟ್ಟಿದೆ ಇವಳಿಗೆ. ಕೊನೆಗೆ ಅವಳ ಮಾತಿನಂತೆಯೇ ಡೈಡ್ ಎಂದೆ. "ಐ ವುಡ್ ಕ್ರೈ" ಎಂದು ಮುಗಿಸಿದಳು. ಸಣ್ಣ ವಾಕ್ಯ. ಬೋರ್ಡಿಗೆ ಇಷ್ಟು ಸಾಲದು ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ.

ಆಗಸ್ಟ್ 1

ನಾಣಿ ರಜ ಹಾಕಿ ಕಾರಮಡೈಗೆ ಹೋಗಿ ರಂಗನಾಥನ ತುಳಸಿ ತಂದ. ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿದ್ದಾನೆ.

"ಯಾಕೋ?"

"ನೀವು ಆಡೋದಕ್ಕೆಲ್ಲಾ ಅವರು ಅಸ್ತು ಅಂತಿದ್ದರೆ, ಇನ್ನೊಬ್ಬ ಯಾರಾದರೂ ಬೇಡ ಅನ್ನಬೇಕಲ್ಲ ಭಾವಾ."

"ನನಗೆ ಮಾತ್ರವಾ, ನಿನ್ನ ಹಲ್ಲಿಗೂ ಮಾಡಿಸಿದೆಯಾ?"

"ಹಲ್ಲಿಗೂ ಮಾಡಿಸಿದೆ."

ಇಬ್ಬರೂ ನಕ್ಕೆವು. ಅವನು ಮೊದಲು ನಿಲ್ಲಿಸಿದ. ತುಳಸಿಯನ್ನು ಬೆರಳಲ್ಲಿ ತಿರುವುತ್ತಾ ಕೂತು ಹೇಳಿದ: "ಅಕ್ಕ ಮಲಗಿದಾಗ ನಾ ದಿನಾ ಬರ್ತಿದ್ದೆ, ನಿಮಗೆ ಜ್ಞಾಪಕವಿರಬೇಕು. ಒಂದು ಕೆಟ್ಟ ಮಾತು ಆಡಲಿಲ್ಲ ಭಾವಾ. ಮನಸ್ಸಲ್ಲೂ ಅಂದುಕೊಳ್ಳಲಿಲ್ಲ. ಯಾರಾದರೂ ಬೇರೆ ಥರ ಮಾತಾಡಿದರೆ ಎದ್ದು ಹೋಗ್ತಿದ್ದೆ. ಅಕ್ಕ ಎದ್ದಮೇಲೆ ತಿರುಪತಿಗೆ ಹೋಗೋಣ, ಅಕ್ಕ ಎದ್ದಮೇಲೆ ಮನೆಗೆ ಸುಣ್ಣ ಹೊಡೆಸೋಣ, ಇದೇ ಮಾತು. ಅಷ್ಟು ಒಳ್ಳೇದು ಆಡಿದೆ. ಒಬ್ಬನೂ ಅಸ್ತು ಅನ್ನಲಿಲ್ಲ."

ವಾರಿಜ ಬಾಗಿಲಲ್ಲಿ ಕಾಫಿ ಹಿಡಿದುಕೊಂಡು ನಿಂತಿದ್ದಳು, ಯಾವಾಗ ಬಂದಳೋ. ಕಾಫಿ ಆರಿಹೋಗಿತ್ತು. ಮತ್ತೆ ಬಿಸಿ ಮಾಡಿ ತರುತ್ತೇನೆ ಎಂದು ಹೋದವಳು ಬಹಳ ಹೊತ್ತು ಬರಲಿಲ್ಲ.

ತಂದಾಗ ದೊಡ್ಡ ಲೋಟ ಅವನಿಗೇ.

ಆಗಸ್ಟ್ 4

ಈಗ ಅವಳೇ ಕೆಟ್ಟ ಇಫ್ ಹುಡುಕಿ ನಮ್ಮಿಬ್ಬರಿಗೂ ಹೇಳುತ್ತಾಳೆ. ಮಿಲ್ಲು ಮುಚ್ಚಿದರೆ, ನಲ್ಲಿಯಲ್ಲಿ ಸಿರುವಾಣಿ ನೀರು ನಿಂತುಹೋದರೆ, ಇಬ್ಬರಿಗೂ ಒಟ್ಟಿಗೆ ಜ್ವರ ಬಂದರೆ ಯಾರು ಯಾರಿಗೆ ಗಂಜಿ ಮಾಡುತ್ತೀರಿ. ನನ್ನ ಪಾಠದ ಫಲ ಇದು. ನಾಣಿ ಒಪ್ಪುವುದಿಲ್ಲ, ತನ್ನ ಅಡಿಪಾಯ ಅನ್ನುತ್ತಾನೆ. ಅಡಿಪಾಯದಲ್ಲಿ ಯಾರು ವಾಸ ಮಾಡುತ್ತಾರೆ?

ಆಗಸ್ಟ್ 11

ಇಂಟರ್‌ವ್ಯೂ ಆಯಿತು. ನಾನೂ ನಾಣಿಯೂ ಎಕ್ಸ್‌ಚೇಂಜಿನ ಎದುರು ಬೇವಿನ ಮರದ ಕೆಳಗೆ ನಿಂತಿದ್ದೆವು. ಅವನು ಕಡಲೆಕಾಯಿ ಕೊಂಡ. ನನಗೂ ಕೊಟ್ಟ. ಇಬ್ಬರಿಗೂ ತಿನ್ನಲಾಗಲಿಲ್ಲ.

ವಾರಿಜ ಬಂದಳು. ಬೆಂಕಿ ಕೇಳಲೇ ಇಲ್ಲವಂತೆ. ಬೋರ್ಡಿನಲ್ಲಿ ಒಬ್ಬ ಮುದುಕರು ಇವಳ ಅರ್ಜಿ ನೋಡಿ, ತಾಯಿ ಇಲ್ಲ ಅಂತ ಕಾಣುತ್ತೆ, ನೀನು ಡ್ಯೂಟಿಯಲ್ಲಿರುವಾಗ ತಂದೆಗೆ ಹುಷಾರಿಲ್ಲವೆಂದು ಸುದ್ದಿ ಬಂದರೆ ಏನು ಮಾಡುತ್ತೀ ಎಂದು ಕೇಳಿದರಂತೆ.

"ನೀ ಏನಂದೆ?" ಎಂದು ಇಬ್ಬರೂ ಕೇಳಿದೆವು.

"ನನ್ನ ಜಾಗಕ್ಕೆ ಇನ್ನೊಬ್ಬರು ಬಂದು ಕೂರೋ ತನಕ ಸ್ವಿಚ್‌ಬೋರ್ಡ್ ಬಿಟ್ಟು ಏಳಲ್ಲ, ಆಮೇಲೆ ಹೋಗ್ತೀನಿ ಅಂದೆ."

"ಪ್ರಮಾದವಾದ ಉತ್ತರ" ಅಂದ ನಾಣಿ, ತಮಿಳರ ಪ್ರಮಾದ, ಬಹಳ ಚೆನ್ನಾಗಿದೆ ಎಂದು ಅರ್ಥ. ಕನ್ನಡದಲ್ಲಿ ಕೇಳಿಸಿಕೊಂಡವನು ನಾನೊಬ್ಬ.

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರೂ ಕೂತು ಒಂದೊಂದು ಪ್ರಶ್ನೆಯನ್ನೂ ಮತ್ತೆ ಬಿಡಿಸಿದರು. ನಾನು ಎಲ್ಲೋ ಜ್ವರ ಬಂದು ಮಲಗಿರುತ್ತೇನೆ, ಇವಳು ಯಾರೋ ಸಬ್‌ಸ್ಕ್ರೈಬರಿಗೆ ನಂಬರು ಕೊಡುತ್ತಾ ಕೂತಿರುತ್ತಾಳೆ. ಸರಿಯಾದ ಉತ್ತರ. ಯಾರಾದರೂ ಅದನ್ನೇ ಹೇಳಬೇಕು. ಟೆಲಿಫೋನಿನ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಗೊತ್ತಿರಲಿಲ್ಲ.

ಸೆಪ್ಟೆಂಬರ್ 3

ಆರ್ಡರು ಬಂತು. ಮೊದಲು ಮದರಾಸಿನಲ್ಲಿ ಟ್ರೈನಿಂಗು. ಶಿವಗಾಮಿ ಬೀದಿಗೆಲ್ಲ ಹೇಳಿ ಬಂದಳು. ವಾರಿಜ ನನ್ನ ಕಾಲಿಗೆ ನಮಸ್ಕಾರ ಮಾಡಿದಳು, ನಾಣಿಯ ಕಾಲಿಗೂ ಮಾಡಿದಳು. ನನಗೇ ಮೊದಲು.

ಸೆಪ್ಟೆಂಬರ್ 7

ನಾಣಿಗೆ ತುಡಿಯಲೂರಿನಲ್ಲಿ ಒಂದು ಮನೆ ಇದೆಯೆಂದು ನಮ್ಮ ಆಫೀಸಿನ ಚೆನ್ನಿಯಪ್ಪನ್ ಹೇಳಿದ. ಮದುವೆಯಾಗದವನಾದರೂ ಕೊಡುತ್ತಾರಂತೆ. ದೂರ, ಬಸ್ಸು ಸರಿಯಿಲ್ಲ, ಬೇಡ ಎಂದುಬಿಟ್ಟೆ. ನಾಣಿಗೆ ತಿಳಿಸುವುದನ್ನು ಮರೆತೆ.

ಸೆಪ್ಟೆಂಬರ್ 11

ವಾರಿಜಳನ್ನು ರೈಲು ಹತ್ತಿಸಿ ಬಂದೆವು. ಸಾಯಂಕಾಲದ ಮದರಾಸಿನ ರೈಲು, ಹೆಂಗಸರ ಡಬ್ಬಿ. ಪ್ಲಾಟ್‌ಫಾರಮಿನ ದೀಪಗಳು ಆಗತಾನೆ ಹತ್ತುತ್ತಿದ್ದವು. ನಾಣಿ ಒಂದೇ ಸಮನೆ ಮಾತಾಡುತ್ತಿದ್ದ. ಎಗ್ಮೂರಿಗೆ ಹೋಗಬೇಡ, ಸೆಂಟ್ರಲ್‌ನಲ್ಲೇ ಇಳಿ, ಪೋರ್ಟರಿಗೆ ಮೊದಲೇ ರೇಟು ಕೇಳು, ಹಾಸ್ಟಲಿನಲ್ಲಿ ಮೊಸರು ಹುಳಿಯಾಗಿದ್ದರೆ ತಿನ್ನಬೇಡ. ನಾನು ಹೇಳಬೇಕೆಂದು ಇಟ್ಟುಕೊಂಡಿದ್ದನ್ನೆಲ್ಲ ಅವನೇ ಹೇಳಿ ಮುಗಿಸಿದ. ನನಗೆ ಉಳಿದದ್ದು ಕಿಟಕಿಯ ಕಂಬಿ ಹಿಡಿದುಕೊಂಡು ನಿಲ್ಲುವುದೊಂದೇ.

ಗಾರ್ಡ್ ಸೀಟಿ ಊದಿದ ಮೇಲೆ ವಾರಿಜ ಕಿಟಕಿಗೆ ಬಗ್ಗಿದಳು. ಇಂಗ್ಲಿಷಿನಲ್ಲಲ್ಲ, ಮನೆಯ ಮಾತಿನಲ್ಲೇ, ಸುತ್ತ ಇದ್ದ ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳಿದಳು.

"ಅಪ್ಪಾ, ನಾ ಅಲ್ಲಿದ್ದಾಗ ನಿಮಗೆ ಹುಷಾರಿಲ್ಲದೆ ಹೋದರೆ ಏನು ಮಾಡ್ತೀರಿ?"

ನಾಣಿಯ ಕೈ ಅವನ ತುಟಿಗೆ ಹೋಯಿತು. ಅರ್ಧದಲ್ಲಿ ಇಳಿಸಿದ. ಅವಳು ತುಟಿ ಮುಟ್ಟಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಳು, ಬೋರ್ಡಿನ ಮುದುಕರ ಹಾಗೆ.

"ನಾಣಿಯನ್ನ ಕೂಗ್ತೀನಿ" ಎಂದೆ. "ನೀನು ಡ್ಯೂಟಿ ಮುಗಿಸಿಯೇ ಬಾ."

ಬಾಯಿಗೆ ಬಂದದ್ದು ಹೇಳಿದೆ. ರೈಲು ಹೊರಟಿತ್ತು, ಯೋಚನೆ ಮಾಡಲು ವೇಳೆಯಿರಲಿಲ್ಲ.

ಮನೆಯ ತನಕ ನಾಣಿ ಒಂದು ಮಾತೂ ಆಡಲಿಲ್ಲ, ಇದೇ ಮೊದಲು. ಬಂದವನೇ ಪಂಚೆ ಎತ್ತಿಕಟ್ಟಿ ಒಲೆ ಹಚ್ಚಿದ. ಅನ್ನ ಮುದ್ದೆಯಾಗಿತ್ತು, ಸಾರಿಗೆ ಉಪ್ಪು ಜಾಸ್ತಿ. ಹೇಗಿದೆ ಭಾವಾ ಎಂದು ಕೇಳಿದ. ಇನ್ನೊಂದು ಸೌಟು ಹಾಕು ಎಂದೆ.